ಅಂದಿನ ಅವರೆಬೇಳೆ ಸಾರು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಪುಷ್ಯಮಾಸದಲ್ಲಿ ಒಂದು ದಿನ ಸುತ್ತಲ ಊರಿನವರೆಲ್ಲ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಬರುವರು. ಮರಳಿನ ಮೇಲೆ ಸಾಲಾಗಿ ಕೂತು, ಒಬ್ಬರು ತಂದದ್ದನ್ನು ಇನ್ನೊಬ್ಬರಿಗೆ ಬಡಿಸಿ ಉಣ್ಣುವರು.

ಗುರುಗಳು ಇಟ್ಟ ಕಟ್ಟಳೆ ಎರಡೇ. ತಂದದ್ದು ಮನೆಯಲ್ಲೇ ಮಾಡಿದ್ದಾಗಿರಬೇಕು. ಆ ಕಾಲಕ್ಕೆ ಬೆಳೆದದ್ದಾಗಿರಬೇಕು.

ಆಶ್ರಮದ ಪಾಲಿನ ಅಡುಗೆ ಶಿಷ್ಯ ಮರಿದೇವನದು. ಇಪ್ಪತ್ತೆರಡು ವರ್ಷದಿಂದ ಅವನು ಮಾಡುತ್ತಿದ್ದದ್ದು ಒಂದೇ, ಹಿತುಕಿದ ಅವರೆಬೇಳೆಯ ಸಾರು.

ಮೊದಲ ದೊನ್ನೆ ಗುರುಗಳಿಗೆ. ಅವರು ಒಂದು ಗುಟುಕು ಕುಡಿಯುವವರೆಗೆ ಅವನು ಕೈಕಟ್ಟಿ ನಿಲ್ಲುವನು.

“ಆ ರುಚಿ ಬಂತೇ, ಬುದ್ಧಿ?”

“ಇಲ್ಲ.”

“ಏನು ಕಡಿಮೆಯಾಯಿತು?”

“ಏನೂ ಕಡಿಮೆಯಿಲ್ಲ.”

ವರ್ಷಕ್ಕೆ ಇಷ್ಟೇ ಮಾತು. ಮುಂದಿನ ಪುಷ್ಯದವರೆಗೆ ಅವನು ಇದನ್ನೇ ಮೆಲುಕು ಹಾಕುವನು.

ಆ ರುಚಿ ಅವನ ತಾಯಿಯದು.

ಆಗ ಅವನು ಆಶ್ರಮ ಸೇರಿ ಮೂರು ತಿಂಗಳು. ಹೊಸ ಕಾವಿ, ಹೊಸ ವೈರಾಗ್ಯ. ಆಶ್ರಮವೆಂದರೆ ಎರಡು ಹುಲ್ಲಿನ ಮಾಡು, ಐದಾರು ಜನ. ಬುತ್ತಿಯ ದಿನ ಅವನ ತಾಯಿ ಸಾರಿನ ಪಾತ್ರೆಯನ್ನು ಸೆರಗಿನಲ್ಲಿ ಸುತ್ತಿ, ಕೋಳಿ ಕೂಗುವ ಮೊದಲೇ ಊರು ಬಿಟ್ಟು, ನಡೆದೇ ಬಂದಳು. ಅವಳು ಬಂದಿದ್ದಾಳೆಂದು ಯಾರೋ ಹೇಳಿದರು.

“ಸನ್ಯಾಸಿಗೆ ಎಲ್ಲಿಯ ತಾಯಿ?” ಎಂದುಬಿಟ್ಟ. ಅವಳಿಗೆ ಕೇಳಿಸಲೆಂದೇ ಅಂದ.

ಆಮೇಲೆ ಹೊಳೆ ದಾಟಿ ಹೋಗಿ, ಬಂಡೆಯ ಮೇಲೆ ಕಣ್ಣು ಮುಚ್ಚಿ ಕೂತ. ಹಿಂದಿರುಗಿದಾಗ ಅವಳು ಹೊರಟುಹೋಗಿದ್ದಳು. ಮತ್ತೆ ಅವರೆ ಹೂ ಬಿಡುವ ಮೊದಲೇ ಅವಳು ತೀರಿಕೊಂಡ ಸುದ್ದಿ ಬಂತು.

ಚಿಕ್ಕಂದಿನಲ್ಲಿ ಅವಳ ಕೈಯ ಸಾರನ್ನು ಅವನು ಎಷ್ಟೋ ಸಲ ಉಂಡಿದ್ದ. ಅವನಿಗೆ ಬೇಕಾದದ್ದು ಅದಲ್ಲ. ಬೇಡವೆಂದ ಆ ಒಂದು ದಿನದ ಸಾರು.

ಅದನ್ನು ಉಂಡವರಲ್ಲಿ ಈಗ ಉಳಿದವರು ಗುರುಗಳೊಬ್ಬರೇ. ಅವರಿಗೂ ಎಂಬತ್ತೆಂಟು. ದೀಪಾವಳಿಯಿಂದೀಚೆಗೆ ಅವರು ಗಂಜಿ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ.

ಈ ವರ್ಷ ತಪ್ಪಿದರೆ ಮತ್ತೆ ಯಾರನ್ನು ಕೇಳುವುದು? ಮರಿದೇವನಿಗೆ ಅದೊಂದೇ ಚಿಂತೆಯಾಯಿತು.

ಬುತ್ತಿಯ ಹಿಂದಿನ ದಿನ ಮಧ್ಯಾಹ್ನ ಅವನು ಜಗಲಿಯಲ್ಲಿ ನೆನೆದ ಅವರೆಕಾಳಿನ ಬೋಗುಣಿ ಇಟ್ಟುಕೊಂಡು ಕೂತಿದ್ದ. ಒಂದೊಂದೇ ಕಾಳನ್ನು ಎರಡು ಬೆರಳಿನ ನಡುವೆ ಹಿತುಕುವುದು, ಬೇಳೆ ಈಚೆಗೆ, ಸಿಪ್ಪೆ ಆಚೆಗೆ. ಇಡೀ ಜಗಲಿ ಅವರೆಯ ಸೊಗಡಿನಿಂದ ತುಂಬಿತ್ತು.

ಆಶ್ರಮಕ್ಕೆ ಹಾಲು ತರುವ ದೇವೀರಮ್ಮ ಚೊಂಬು ಕೆಳಗಿಟ್ಟಳು.

“ಏನ್ ಸ್ವಾಮಿ, ಇಷ್ಟನ್ನೂ ಒಬ್ಬರೇ ಹಿತುಕ್ತೀರಾ? ನಾನೂ ಕೈ ಹಾಕ್ಲಾ?”

“ಬೇಡ.”

“ನನ್ನ ಕೈಗೇನು ಮುಳ್ಳಿದ್ಯಾ?”

“ನಾನೇ ಮಾಡಬೇಕು ದೇವೀರಮ್ಮ.”

“ಮಾಡಿ ಮಾಡಿ. ಸಂಸಾರ ಬಿಟ್ಟು ಬಂದೋರು, ಒಂದು ಸಾರು ಬಿಡಕ್ಕಾಗಲಿಲ್ಲ ನಿಮ್ಮ ಕೈಲಿ.”

ಅವನು ಇನ್ನೊಂದು ಕಾಳು ಹಿತುಕಿದ. ಅವಳು ಚೊಂಬು ಎತ್ತಿಕೊಂಡಳು.

“ನಾಳೆ ನಿಮಗೆ ಅಂತ ರೊಟ್ಟಿ ತರ್ತೀನಿ. ಹೋದ ವರ್ಷದ್ದನ್ನ ಗೋಡೆ ಮೇಲಿಟ್ಟಿರಿ. ಕಾಗೆ ತಿಂತು. ನೋಡ್ದೆ.”

ಬುತ್ತಿಯ ದಿನ ಮರಿದೇವ ಉಣ್ಣುತ್ತಿರಲಿಲ್ಲ. ಎಲ್ಲರಿಗೂ ಬಡಿಸುವನು, ತಾನು ನೀರು ಕುಡಿದು ಮಲಗುವನು. ಅದು ತನಗೆ ತಾನೇ ಹಾಕಿಕೊಂಡ ಶಿಕ್ಷೆ. ಯಾರಿಗೂ ಹೇಳಿರಲಿಲ್ಲ.

ಮರುದಿನ ಮಂಜು ಕರಗುವ ಹೊತ್ತಿಗೆ ಜನ ಸೇರಿದರು. ಹೊಸ ಅಕ್ಕಿಯ ಹುಗ್ಗಿ ಬಂತು. ತೊಗರಿಕಾಯಿ ಉಸಲಿ, ಬೇಯಿಸಿದ ಗೆಣಸು, ಕಬ್ಬಿನ ಹಾಲಿನ ಪಾಯಸ, ಎಳ್ಳುಂಡೆ ಬಂದವು.

“ಈ ಉಂಡೆ ನೀನು ಕಟ್ಟಿದ್ದೋ, ನಿಮ್ಮತ್ತೆ ಕಟ್ಟಿದ್ದೋ?” ಸಾಲಿನಲ್ಲಿ ಒಬ್ಬಳು ಪಕ್ಕದವಳನ್ನು ಕೇಳಿದಳು.

“ಹಲ್ಲು ಮುರಿದರೆ ನಮ್ಮತ್ತೆದು, ಬಾಯಲ್ಲಿ ಕರಗಿದರೆ ನಂದು.”

“ಮೆತ್ತಗೆ ಹೇಳೇ, ಹಿಂದೆ ಕೂತವ್ರೆ!”

ಗುರುಗಳನ್ನು ಇಬ್ಬರು ಎತ್ತಿಕೊಂಡು ಬಂದು ಹೊಂಗೆಯ ಮರಕ್ಕೆ ಒರಗಿಸಿ ಕೂರಿಸಿದರು. ಮರಿದೇವ ದೊನ್ನೆಯಲ್ಲಿ ಸಾರು ತಂದ.

ಗುರುಗಳು ಗುಟುಕರಿಸಿದರು. ಕಣ್ಣು ಮುಚ್ಚಿದರು. ಇನ್ನೊಂದು ಗುಟುಕು ಕುಡಿದರು.

“ಬಂತೇ, ಬುದ್ಧಿ?”

“ಇಲ್ಲ.”

ಮರಿದೇವ ಅಲ್ಲೇ ಮರಳಿನ ಮೇಲೆ ಕುಸಿದು ಕೂತ.

“ನೀವು ಹೋದ ಮೇಲೆ ನಾನು ಯಾರನ್ನು ಕೇಳಲಿ?”

“ಏನನ್ನು?”

“ಆ ರುಚಿಯನ್ನು.”

“ಅದನ್ನು ನೀನು ಯಾವಾಗ ಕೇಳಿದ್ದೀಯ?” ಗುರುಗಳು ದೊನ್ನೆ ಕೆಳಗಿಟ್ಟರು. “ಇಪ್ಪತ್ತೆರಡು ವರ್ಷ ನಿನ್ನ ಸಾರನ್ನೇ ಕೇಳಿದೆ. ಅವಳದು ಹೇಗಿತ್ತು ಅಂತ ಒಂದು ದಿನವೂ ಕೇಳಲಿಲ್ಲ.”

ಮರಿದೇವ ತಲೆ ತಗ್ಗಿಸಿದ.

“ಹೆದರಿಕೆ, ಬುದ್ಧಿ.”

“ಈಗಲೂ?”

“ಈಗಲೂ. ಆದರೂ ಹೇಳಿ.”

“ಹೇಳುತ್ತೇನೆ. ಮೊದಲು ಉಣ್ಣು.”

“ಇವತ್ತು ನಾನು ಉಣ್ಣುವುದಿಲ್ಲ.”

“ಗೊತ್ತು. ಉಣ್ಣು.”

ದೇವೀರಮ್ಮ ಪಕ್ಕದಲ್ಲೇ ಇದ್ದಳು. ಮುತ್ತುಗದ ಎಲೆಯಲ್ಲಿ ಸುತ್ತಿದ ರೊಟ್ಟಿಯನ್ನು ಮಡಿಲಿನಿಂದ ತೆಗೆದಳು. ಅವರೆಕಾಳು ಹಾಕಿ ತಟ್ಟಿದ ಅಕ್ಕಿರೊಟ್ಟಿ. ಗುರುಗಳು ಅದನ್ನು ತಾವೇ ತೆಗೆದುಕೊಂಡು ಮರಿದೇವನ ಅಂಗೈ ಮೇಲಿಟ್ಟರು.

ಅವನು ಮುರಿದ. ಬಾಯಿಗಿಟ್ಟ. ಮೆಲ್ಲಗೆ ಅಗಿದ. ಇಪ್ಪತ್ತೆರಡು ಪುಷ್ಯಗಳಲ್ಲಿ ಆ ದಿನ ಅವನು ಉಂಡ ಮೊದಲ ತುತ್ತು ಅದು.

ದೇವೀರಮ್ಮ ಅವನ ಬಾಯನ್ನೇ ನೋಡುತ್ತಿದ್ದಳು.

“ಹೇಗಿದೆ ಸ್ವಾಮಿ?”

ಮರಿದೇವ ನುಂಗಿದ. ಅಡುಗೆಯ ವಿಷಯದಲ್ಲಿ ಅವನು ಎಂದೂ ಸುಳ್ಳು ಹೇಳಿದವನಲ್ಲ.

“ಒಂದು ಮಗ್ಗುಲು ಸೀದಿದೆ. ಕಾಳು ಇನ್ನೊಂದಿಷ್ಟು ಬೇಯಬೇಕಿತ್ತು.”

“ಹೌದಾ?” ಅವಳು ನಕ್ಕಳು. “ಹಾಳಾದ್ದು, ಹೆಂಚಿನ ಮೇಲೆ ಹಾಕಿ ಹಸು ಕರೆಯಕ್ಕೆ ಹೋದೆ ನೋಡಿ. ಕಾಗೆಗಳು ಪಾಪ ಒಂದು ದಿನವೂ ದೂರು ಹೇಳಲಿಲ್ಲ.”

ನಗುತ್ತಲೇ ಎದ್ದಳು. ಮಡಿಲು ಕೊಡವಿಕೊಂಡಳು. ಯಾರೂ ಕರೆಯದಿದ್ದರೂ “ಬಂದೇ” ಎನ್ನುತ್ತ ಹೊಳೆಯ ಕಡೆ ಹೋಗಿ, ಒಬ್ಬಳೇ ಪಾತ್ರೆ ತೊಳೆಯಲು ಕೂತಳು.

ಗುರುಗಳು ಬಹಳ ಹೊತ್ತು ಅವಳ ಬೆನ್ನನ್ನೇ ನೋಡುತ್ತಿದ್ದರು. ಅವರು ಮಾತು ಮರೆತರೋ ಎಂದು ಮರಿದೇವನಿಗೆ ದಿಗಿಲಾಯಿತು.

“ಬುದ್ಧಿ, ಉಂಡೆ. ಹೇಳಿ. ನಮ್ಮವ್ವನ ಸಾರು ಹೇಗಿತ್ತು?”

“ಉಪ್ಪಿರಲಿಲ್ಲ.”

ಅವನಿಗೆ ಅರ್ಥವಾಗಲಿಲ್ಲ.

“ಉಪ್ಪು ಕಡಿಮೆಯಿತ್ತೇ?”

“ಇರಲೇ ಇಲ್ಲ. ಹಾಕುವುದನ್ನೇ ಮರೆತಿದ್ದಳು. ಮಗನಿಗೆ ಸಾರು ಒಯ್ಯುವ ಸಂಭ್ರಮ.”

ಮರಿದೇವನ ಕೈಯಲ್ಲಿ ಉಳಿದ ರೊಟ್ಟಿ ಹಾಗೆಯೇ ಇತ್ತು.

“ಅವಳಿಗೆ ಗೊತ್ತಾಗಲಿಲ್ಲವೇ?”

“ಅವಳು ಉಣ್ಣಲಿಲ್ಲವಲ್ಲ. ನೀನು ಬಂದ ಮೇಲೆ ಉಣ್ಣುತ್ತೇನೆ ಅಂದಳು.”

“ಉಳಿದವರು?”

“ಎಲ್ಲರಿಗೂ ಗೊತ್ತಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನೀನು ಅಂದ ಮಾತನ್ನು ಅವರೂ ಕೇಳಿದ್ದರು.”

ಹೊಳೆಯ ಕಡೆಯಿಂದ ಪಾತ್ರೆಗೆ ಮರಳು ಹಾಕಿ ಉಜ್ಜುವ ಸದ್ದು ಬರುತ್ತಿತ್ತು.

“ನನ್ನ ಪಾಲು?” ಎಂದ ಮರಿದೇವ. ಧ್ವನಿ ಸಣ್ಣ ಹುಡುಗನದಂತಾಗಿತ್ತು.

“ಎತ್ತಿಟ್ಟಿದ್ದಳು. ಹೊತ್ತು ಇಳಿಯುವವರೆಗೆ ಹೊಳೆ ನೋಡಿಕೊಂಡು ಕೂತಿದ್ದಳು. ನೀನು ಆಚೆ ದಡದ ಬಂಡೆಯ ಮೇಲೆ ಕಾಣುತ್ತಿದ್ದೆ.”

“ಕಾಣುತ್ತಿದ್ದೆನೇ?”

“ಚೆನ್ನಾಗಿ ಕಾಣುತ್ತಿದ್ದೆ.”

ಮರಿದೇವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಗುರುಗಳು ಅವನನ್ನು ಮುಟ್ಟಲಿಲ್ಲ. ಅವನ ಉಸಿರು ತಹಬಂದಿಗೆ ಬರುವವರೆಗೆ ಕಾದರು.

“ಆಮೇಲೆ, ಬುದ್ಧಿ?”

“ಆಮೇಲೆ, ತುಂಬಿದ ಪಾತ್ರೆ ವಾಪಸ್ಸು ಒಯ್ಯಬಾರದು ಅಂದಳು. ನಿನ್ನ ಪಾಲನ್ನು ನನ್ನ ಎಲೆಗೆ ಬಡಿಸಿದಳು. ಕೊನೆಯ ಕಾಳಿನವರೆಗೂ ಉಂಡೆ. ‘ಹೇಗಿದೆ ಬುದ್ಧಿ?’ ಅಂತ ಕೇಳಿದಳು. ‘ಇನ್ನೂ ಇದೆಯೇನವ್ವ?’ ಅಂದೆ.”