ಬಂಡೆಯ ಪಾಚಿ ಒಣಗಿಯೂ ಸಾಯದಿರುವುದೇಕೆ?

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳು ಇನ್ನೂ ಕೂರಲು ಜಾಗ ಹುಡುಕುತ್ತಿದ್ದವು. ಆಗ ಒಂದು ಬಂಡೆಯ ಮೇಲೆ ಪಾಚಮ್ಮ ಎಂಬ ಪಾಚಿ ಇದ್ದಳು. ಅವಳಿಗೆ ಬೇರಿಲ್ಲ. ನೀರು ಮೇಲಿಂದ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೊದಲ ಬೇಸಿಗೆ ಹತ್ತಿರ ಬಂತು. ಒಣಗಿದರೆ ಒಡಲೊಳಗಿನದೆಲ್ಲ ಒಂದಕ್ಕೊಂದು ಅಂಟಿ ಪಾಚಮ್ಮ ಸಾಯುತ್ತಾಳೆ, ಸುತ್ತಲಿದ್ದ ಅವಳ ಮರಿಗಳೂ ಸಾಯುತ್ತವೆ.

"ನನ್ನ ಹಾಗೆ ಹರಿದು ಹೋಗು," ಎಂದಿತು ಹೊಳೆ.

"ನನ್ನ ಹಾಗೆ ಹಾರಿ ಹೋಗು," ಎಂದಿತು ಗಾಳಿ.

"ನನಗೆ ಕಾಲಿಲ್ಲ, ರೆಕ್ಕೆಯಿಲ್ಲ. ಬುದ್ಧಿ ಹೇಳೋರಿಗೆ ಮಾತ್ರ ಬರವಿಲ್ಲ!" ಎಂದು ಪಾಚಮ್ಮ ಸಿಡುಕಿದಳು.

ಅವಳ ಒಡಲಲ್ಲಿ ಸಣ್ಣ ಸಣ್ಣ ಎಳೆಗಳ ರಾಶಿಯಿತ್ತು. ಈಗಿನವರು ಅದಕ್ಕೆ ಪ್ರೋಟೀನ್ ಅನ್ನುತ್ತಾರೆ. ಯಾವ ಎಳೆ ಜೀವ ಉಳಿಸೀತು? ಹೇಳಬಲ್ಲವನು ಅದೇ ಬಂಡೆಯ ಸಂದಿನಲ್ಲಿ ಬಲೆ ಕಟ್ಟಿದ್ದ ಜೇಡಪ್ಪ ಒಬ್ಬನೇ. ಅವನ ಬಲೆಯೇ ಲೋಕದ ಮೊದಲ ಕಂಪ್ಯೂಟರು. ಅಂಚಿನಲ್ಲಿ ಎಳೆ ಇಟ್ಟರೆ ಸಾಕು, ಬಲೆ ನಡುಗಿ ಲೆಕ್ಕ ಹಾಕಿ, ಆ ಎಳೆ ಮಡಚಿಕೊಳ್ಳುವ ಆಕಾರವನ್ನು ನಡುವೆ ಬರೆದು ತೋರಿಸುತ್ತಿತ್ತು.

ಜೇಡಪ್ಪ ನೇಯುವವನಲ್ಲವೇ? ನೇಕಾರರು ನೂಲು ನೆನೆಸುವಂತೆ, ಎಳೆಯನ್ನು ಇಬ್ಬನಿಯಲ್ಲಿ ಅದ್ದದೆ ಬಲೆಗೆ ಇಡುವವನಲ್ಲ. ಪಾಚಮ್ಮ ಒಂದು ಎಳೆ ಕೊಟ್ಟಳು. ಅದ್ದಿದ, ಇಟ್ಟ. ಬಲೆ ನಡುಗಿತು. ಏನೂ ಮೂಡಲಿಲ್ಲ.

"ಆಕಾರ ಇಲ್ಲ ಕಣಮ್ಮ. ಬೆಂದ ಶಾವಿಗೆ ಥರ ಜೋಲಾಡ್ತದೆ. ಬಿಸಾಡು."

"ಇನ್ನೊಂದು ನೋಡಪ್ಪ."

ಅದ್ದಿದ, ಇಟ್ಟ. ಬಲೆ ನಡುಗಿತು.

"ಇದೂ ಅಷ್ಟೇ. ಬಿಸಾಡು."

ಮತ್ತೆ ಅದ್ದಿದ. ಮತ್ತೆ ಬಿಸಾಡು. ಅಷ್ಟರಲ್ಲಿ ಪಾಚಮ್ಮನ ಅಂಚು ಕಂದತೊಡಗಿತು. ಅವಳಿಗೆ ರೇಗಿಹೋಯಿತು.

"ಅಯ್ಯೋ ಮಾರಾಯ! ನಾನು ಕೇಳ್ತಿರೋದು ನೀರಿಲ್ಲದಾಗ ಏನಾಗ್ತದೆ ಅಂತ. ನೀನು ನೀರಲ್ಲೇ ಅದ್ದಿ ಅದ್ದಿ ನೋಡ್ತೀಯಲ್ಲ! ಒಣಗಿಸಿ ನೋಡೋ!"

"ಒಣ ಎಳೆ ಇಡೋದಾ? ನಮ್ಮಲ್ಲಿ ಆ ಪದ್ಧತಿ ಇಲ್ಲ."

"ಸರಿ, ನಿನ್ನ ಪದ್ಧತಿ ನೀನು ಉಳಿಸ್ಕೋ. ನಾನು, ನನ್ನ ಮಕ್ಕಳು ಸಾಯ್ತೀವಿ!"

ಜೇಡಪ್ಪ ಗೊಣಗುತ್ತಲೇ, ಬಿಸಾಡು ಅಂದಿದ್ದ ಮೊದಲ ಎಳೆಯನ್ನೇ ಒಣಗಿಸಿ ಇಟ್ಟ. ಬಲೆ ನಡುಗಿತು. ಜೋಲಾಡುತ್ತಿದ್ದ ಎಳೆ ತಿರುಗಿ ತಿರುಗಿ, ಸೋರೆ ಬಳ್ಳಿಯ ಕುಡಿಯಂತೆ ಗಟ್ಟಿ ಸುರುಳಿಯಾಯಿತು. ಇಂಥ ಸುರುಳಿಗಳು ನಡುನಡುವೆ ನಿಂತು, ಒಡಲೊಳಗಿನ ಯಾವುದೂ ಅಂಟದಂತೆ ತಡೆಯುವುದನ್ನು ಬಲೆ ಬರೆದು ತೋರಿಸಿತು.

"ಇದನ್ನೇ ಏನೋ ಬಿಸಾಡು ಅಂದಿದ್ದು!" ಪಾಚಮ್ಮನಿಗೆ ಸಿಟ್ಟೂ ಬಂತು, ಅಳುವೂ ಬಂತು. ಆ ಎಳೆಗಳನ್ನು ಮರಿಗಳಿಗೆಲ್ಲ ಹಂಚಿದಳು.

ಬೇಸಿಗೆ ಬಂತು. ಪಾಚಮ್ಮ ಒಣಗಿ ಕಪ್ಪಾದಳು. ಸತ್ತೇಹೋದಳೆಂದು ಜೇಡಪ್ಪ ಅತ್ತ. ಆಮೇಲೆ ಮಳೆ ಬಿತ್ತು. ಸುರುಳಿಗಳು ಸಡಿಲವಾದವು, ಪಾಚಮ್ಮ ಮರಿಗಳ ಸಮೇತ ಹಸಿರಾಗಿ ಎದ್ದಳು.

ಅದಕ್ಕೇ ಮಗು, ಬೇಸಿಗೆಯಲ್ಲಿ ಕಾಂಪೌಂಡು ಗೋಡೆಯ ಮೇಲೆ ಕರಿಮಸಿಯಂತೆ ಅಂಟಿಕೊಂಡಿರುವ ಪಾಚಿ, ಮೊದಲ ಮಳೆ ಬೀಳುತ್ತಲೇ ಮತ್ತೆ ಹಸಿರಾಗುತ್ತದೆ.