ಗಾಣಿಗನ ಹಿತ್ತಲ ದುಂಡುಮಲ್ಲಿಗೆ

ಒಂದಾನೊಂದು ಕಾಲ ಕಂದಾ. ಊರಿಗೊಂದು ಗಾಣ ಇದ್ದ ಕಾಲ ಅದು. ಆಗ ಚನ್ನಿಗಪ್ಪ ಅಂತ ಒಬ್ಬ ಗಾಣಿಗ ಇದ್ದನಂತೆ. ಹೆಂಡತಿ ದ್ಯಾವಮ್ಮ, ಮಗಳು ಪುಟ್ಟತಾಯಿ, ಮತ್ತೆ ಗಾಣ ಸುತ್ತೋಕೆ ಒಂದು ಎತ್ತು. ಅಷ್ಟೇ ಸಂಸಾರ. ಹಿತ್ತಲಲ್ಲಿ ದ್ಯಾವಮ್ಮ ಒಂದು ದುಂಡುಮಲ್ಲಿಗೆ ಗಿಡ ಹಾಕಿದ್ದಳಂತೆ. ಬೇಸಿಗೆ ಬಂತು ಅಂದರೆ ಮಧ್ಯಾಹ್ನ ಮೊಗ್ಗು ಬಿಡಿಸಿ, ಬಾಳೆಪಟ್ಟೆಗೆ ಹೊಲಿದು, ಮಗಳ ಬೆನ್ನುದ್ದಕ್ಕೂ ಮೊಗ್ಗಿನ ಜಡೆ ಹಾಕ್ತಿದ್ದಳಂತೆ. ಆ ಹುಡುಗಿ ನೀರಿಗೆ ಹೋದರೆ ಕೇರಿಗೆ ಕೇರಿಯೇ ಘಮ್ ಅಂತಿತ್ತಂತೆ.

ಆಮೇಲೆ ಒಂದು ಮಳೆಗಾಲ ದ್ಯಾವಮ್ಮನಿಗೆ ಜ್ವರ ಬಂತು. ಹೋಗಿಬಿಟ್ಟಳು.

ಅವತ್ತಿಂದ ಪುಟ್ಟತಾಯಿ ಯಾರಿಗೂ ತಲೆ ಮುಟ್ಟಗೊಡಲಿಲ್ಲವಂತೆ. ಕೂದಲು ಮುದ್ದೆ ಮಾಡಿ ಬಟ್ಟೆ ಕಟ್ಟಿಕೊಂಡಳು. ಚನ್ನಿಗಪ್ಪ ಬಟ್ಟಲಲ್ಲಿ ಎಣ್ಣೆ ಹಿಡಿದು ಬಾ ಮಗಳೇ ಅಂದರೆ, ಅವ್ವನ ಗಿಡ ಹೂ ಬಿಡಲಿ, ಆಗ ಬರ್ತೀನಿ ಅಂತಿದ್ದಳಂತೆ. ಸಂತೆಯಿಂದ ಮೊಳ ಹೂ ತಂದುಕೊಟ್ಟರೆ ಎತ್ತಿನ ಕೊಂಬಿಗೆ ಸುತ್ತಿಬಿಟ್ಟಳಂತೆ. ಕೇರಿಯವರು ಬಿಡ್ತಾರಾ? ಊರಿಗೆಲ್ಲ ಎಣ್ಣೆ ಕೊಡೋ ಮನೆ ಹುಡುಗಿ ತಲೆ ನೋಡ್ರೇ, ಹುಲ್ಲಿನ ಮೆದೆ ಅಂತ ನಗ್ತಿದ್ದರಂತೆ. ಚನ್ನಿಗಪ್ಪ ಕೇಳಿಸಿಕೊಂಡು ಹಿತ್ತಲಿಗೆ ಹೋಗಿ ಗಿಡ ನೋಡ್ತಿದ್ದ.

ಗಿಡಕ್ಕೆ ಹೆಂಡತಿ ಏನು ಮಾಡ್ತಿದ್ದಳು ಅಂತ ಅವನು ನೋಡಿದವನೇ ಅಲ್ಲ. ಅವಳು ಹಿತ್ತಲ ಕಡೆ, ಇವನು ಗಾಣದ ಕಡೆ. ಗಾಣಕ್ಕೆ ಎಷ್ಟು ಕಾಳು ಹಾಕಿದರೆ ಅಷ್ಟು ಎಣ್ಣೆ. ಗಿಡವೂ ಹಂಗೇ ಅಂದುಕೊಂಡನಂತೆ. ಕಡಲೆಕಾಯಿ ಹಿಂಡಿ ನೆನೆಸಿ ನೆನೆಸಿ ಬುಡಕ್ಕೆ ಹುಯ್ದ. ಎತ್ತಿಗೂ ಅಷ್ಟು ಹಿಂಡಿ ಹಾಕಲಿಲ್ಲ. ಗಿಡ ಕೊಬ್ಬಿತು, ಎಲೆ ಅಗಲಗಲ ಆದವು. ಬೇಸಿಗೆ ಬಂತು, ಹೋಯಿತು. ಮೊಗ್ಗಿಲ್ಲ.

ಎರಡನೇ ವರ್ಷ, ಪಾಪ ಬಿಸಿಲು ತಡೀತಿಲ್ಲ ಅಂತ ತೆಂಗಿನ ಗರಿ ಹೊದಿಸಿ ಚಪ್ಪರ ಹಾಕಿದನಂತೆ. ಬೆಳಗ್ಗೆ ನೀರು, ಸಂಜೆ ನೀರು. ಗಿಡ ಚಪ್ಪರದ ಮೇಲೆ ಹತ್ತಿತು. ಪುಟ್ಟತಾಯಿ ದಿನಾ ಹೋಗಿ ಒಂದೊಂದೇ ಎಲೆ ಮಗುಚಿ ನೋಡ್ತಿದ್ದಳು. ಆ ವರ್ಷವೂ ಇಲ್ಲ.

ಮೂರನೇ ವರ್ಷ ಸುತ್ತ ಮುಳ್ಳುಬೇಲಿ ಕಟ್ಟಿದನಂತೆ. ಒಂದೆಲೆ ಯಾರೂ ಮುಟ್ಟಬಾರದು. ಆದರೆ ಪಕ್ಕದ ಮನೆ ಮಾಳಜ್ಜಿ ಆಡು ಯಾರ ಮಾತು ಕೇಳುತ್ತೆ? ಮಾಗಿ ಚಳೀಲಿ ಒಂದು ದಿನ ಬೇಲಿ ಸಂದೀಲಿ ಕತ್ತು ತೂರಿಸಿ, ಎಟುಕಿದಷ್ಟೂ ಮೇಯ್ತು. ಅರ್ಧ ಗಿಡ ಬರೀ ಕಡ್ಡಿ.

ಚನ್ನಿಗಪ್ಪ ಜಗಳಕ್ಕೆ ಹೋದನಂತೆ. ಆಡು ಕಟ್ಟಿಹಾಕೋಕೆ ಏನು ರೋಗ ನಿಂಗೆ, ಅದು ನನ್ನ ದ್ಯಾವಿ ಗಿಡ ಅಂದ. ಮಾಳಜ್ಜಿ ಎಲೆಅಡಿಕೆ ಜಗೀತಾ, ಮೂರು ವರ್ಷದಲ್ಲಿ ಆ ಗಿಡ ಮಾಡಿದ್ದು ಇದೊಂದೇ ಕೆಲಸ ಕಣಪ್ಪ, ನನ್ನ ಆಡಿನ ಹೊಟ್ಟೆ ತುಂಬಿಸ್ತು ಅಂದಳಂತೆ. ಚನ್ನಿಗಪ್ಪ ತಿರುಗಿ ಮನೆಗೆ ಹೊರಟ. ಬಂದು ಹಿತ್ತಲ ಬಾಗಿಲು ಹಾಕಿಕೊಂಡ. ಹಿಂಡಿ ಇಲ್ಲ, ನೀರಿಲ್ಲ. ಗಿಡದ ಮುಖ ನೋಡಲಿಲ್ಲ.

ಆಮೇಲೆ ಒಂದು ಮಳೆ ಬಿದ್ದು, ಯುಗಾದಿ ದಿನ ಪುಟ್ಟತಾಯಿ ಓಡಿಬಂದು ಅಪ್ಪನ ಕೈ ಹಿಡಿದು ಎಳೆದುಕೊಂಡು ಹೋದಳಂತೆ. ನೋಡಿದರೆ ಆಡು ಮೇಯ್ದ ಕಡೆ ಕಡ್ಡಿ ಕಡ್ಡಿಗೂ ಚಿಗುರು, ಚಿಗುರಿನ ತುದೀಲಿ ಮೊಗ್ಗು. ಅವನು ಕಾಪಾಡಿದ್ದ ಕಡೆ ಬರೀ ಎಲೆ. ಬಿಡಿಸಿದರೆ ಒಂದು ಬೊಗಸೆ ಆಯಿತು. ಹುಡುಗಿ ಅದನ್ನೇ ನೋಡಿ ನೋಡಿ, ಇಷ್ಟಕ್ಕೆ ಜಡೆ ಆಗಲ್ಲ ಅಪ್ಪಾ ಅಂದು ಬಟ್ಟೆ ಇನ್ನೂ ಬಿಗಿಯಾಗಿ ಕಟ್ಟಿಕೊಂಡಳಂತೆ.

ಮಾಳಜ್ಜಿ ಗೋಡೆ ಮೇಲಿಂದ ಇಣುಕಿದಳು. ದ್ಯಾವಿ ಎಲೆ ಎಲ್ಲಾ ಉದುರಿಸಿ ಬುಡ ಒಣಗಿಸ್ತಿದ್ದಳು ಕಣಪ್ಪ, ಆಮೇಲೇ ನೀರು ಬಿಡ್ತಿದ್ದುದು ಅಂದಳಂತೆ.

ಮೊದಲೇ ಹೇಳಬಾರದಾ ಅಜ್ಜಿ?

ನಿನ್ನ ಮುಖ ನೋಡಿ ಯಾರು ಹೇಳ್ತಾರೆ, ಅದರದೊಂದು ಎಲೆ ಮುಟ್ಟಿದರೆ ನಿನಗೆ ಪೆಟ್ಟು ಬಿದ್ದ ಹಂಗೆ ಮಾಡ್ತಿದ್ದೆ.

ಚನ್ನಿಗಪ್ಪ ಚಪ್ಪರ ಕಿತ್ತ. ಉಳಿದ ಅರ್ಧ ಗಿಡದ ಮುಂದೆ ಕೂತ. ಕೈ ಬರಲಿಲ್ಲವಂತೆ. ಅವಳದು ಅಂತ ಉಳಿದಿದ್ದೇ ಇದೊಂದು, ಇದನ್ನೂ ಬೋಳು ಮಾಡಲಾ ಅಂತ ಕೂತೇ ಇದ್ದ. ಹೊತ್ತು ನೆತ್ತಿಗೆ ಬಂತು, ಇಳೀತು. ಆಮೇಲೆ ಒಂದು ಎಲೆ ಕಿತ್ತನಂತೆ. ಗಿಡ ಏನೂ ಅನ್ನಲಿಲ್ಲ. ಇನ್ನೊಂದು ಕಿತ್ತ. ಪುಟ್ಟತಾಯಿ ಬಂದು ಆ ಕಡೆ ಕೂತು ತಾನೂ ಕೀಳೋಕೆ ಶುರು ಮಾಡಿದಳು. ಕಣ್ಣು ಒರೆಸ್ಕೊಂಡು ಒರೆಸ್ಕೊಂಡು, ದೀಪ ಹಚ್ಚೋ ಹೊತ್ತಿಗೆ ಎಲೆ ಮುಗೀತು.

ನೀರು ಹಾಕದೆ ಇರೋದು ಇನ್ನೂ ಕಷ್ಟ. ಕೊಡ ಎತ್ತಿಕೊಂಡು ಹಿತ್ತಲ ತನಕ ಹೋಗೋದು, ಮಗಳು ಬೇಡ ಅಂತ ಕಣ್ಣು ಬಿಡೋದು, ವಾಪಸು ಬಂದು ಎತ್ತಿಗೆ ಕುಡಿಸೋದು. ಎತ್ತು ಪಾಪ ಎಷ್ಟು ಕುಡಿಯುತ್ತೆ. ಹಿಂಗೇ ಇರೋವಾಗ ಭರಣಿ ಮಳೆ ಹುಯ್ತಂತೆ. ನೆಲ ನೆಂದಿತು. ಮೂರು ದಿನಕ್ಕೆ ಕಡ್ಡಿ ಗಂಟಲ್ಲಿ ಹಸಿರು ಚುಕ್ಕಿ. ಆಮೇಲೆ ಎಳೆ ಎಲೆ, ಆಮೇಲೆ ಸಾಸಿವೆಯಷ್ಟು ಮೊಗ್ಗು, ಆಮೇಲೆ ಜೋಳದಷ್ಟು. ಚನ್ನಿಗಪ್ಪನಿಗೆ ಅದನ್ನು ನೋಡೋದೇ ಕೆಲಸ ಆಯಿತು. ಎತ್ತು ಗಾಣ ಸುತ್ತುತ್ತೆ, ಗಾಣಿಗ ಮಲ್ಲಿಗೆ ಗಿಡ ಸುತ್ತುತ್ತಾನೆ ಅಂತ ಮಾಳಜ್ಜಿ ಆಡಿಕೊಂಡಳಂತೆ. ಅವನು ನಕ್ಕನಂತೆ. ಹೆಂಡತಿ ಹೋದ ಮೇಲೆ ಅದೇ ಮೊದಲು.

ಗಿಡ ತುಂಬ ಮೊಗ್ಗು ಬಲಿತ ದಿನ ಪುಟ್ಟತಾಯಿ ತಾನಾಗಿ ಬಂದು ಅಪ್ಪನ ಮುಂದೆ ಕೂತು ಬಟ್ಟೆ ಬಿಚ್ಚಿದಳಂತೆ. ಅವನು ಎಣ್ಣೆ ಹಚ್ಚಿದ. ತುದಿಯಿಂದ ಒಂದೊಂದೇ ಸಿಕ್ಕು ಬಿಡಿಸಿದ. ನೋಯ್ತದಾ ಅಂದ. ನೋಯ್ತದೆ, ಬಾಚು ಅಂದಳು. ಮಾಳಜ್ಜಿ ಮೊಗ್ಗು ಹೊಲಿದುಕೊಟ್ಟಳು. ಬೆನ್ನುದ್ದಕ್ಕೂ ಜಡೆ.

ಸಂಜೆ ಆಯಿತು. ಬೆನ್ನ ಮೇಲಿನ ಜಡೆ ಹಾಕಿಕೊಂಡವಳಿಗೆ ಎಲ್ಲಿ ಕಾಣುತ್ತೆ ಮಗಾ? ಅಪ್ಪಾ, ಅರಳಿದವಾ ಅಂತ ಕೇಳಿದಳಂತೆ.

ಒಂದು ಅರಳ್ತು.

ಎಲ್ಲಿ?

ಕತ್ತಿನ ಹತ್ತಿರ.

ಈಗ?

ಅದರ ಕೆಳಗಿಂದು. ಸುಮ್ಮನೆ ಕೂತ್ಕೋ, ಅವಕ್ಕೇನು ಆತುರ ಇಲ್ಲ.

ಕೇಳ್ತಾ ಕೇಳ್ತಾ ಹುಡುಗಿ ಅವನ ತೊಡೆ ಮೇಲೆ ಬೋರಲಾಗಿ ಮಲಗಿಬಿಟ್ಟಳಂತೆ. ಅವಳು ಕೇಳದಿದ್ದರೂ ಅವನು ಮೆಲ್ಲಗೆ ಹೇಳ್ತಾನೇ ಇದ್ದ, ಇದೂ ಅರಳ್ತು, ಇದೂ ಅರಳ್ತು ಅಂತ. ಕಾಲು ಜೋಮು ಹಿಡಿದರೂ ಅಲ್ಲಾಡಲಿಲ್ಲವಂತೆ.

ಹಂಗೇ ವರ್ಷಾ ವರ್ಷಾ ಎಲೆ ಉದುರಿಸ್ಕೊಂಡು, ಹೂ ಬಿಡಿಸ್ಕೊಂಡು ಅವರು ಸುಖವಾಗಿದ್ದರಂತೆ. ಅವರ ಹಿತ್ತಲಲ್ಲಿ ಹೂವು, ನಿನ್ನ ಕಣ್ಣಲ್ಲಿ ನಿದ್ದೆ. ಕತೆ ಮುಗೀತು ಕಂದಾ.