ಚಿಕ್ಕಸಿದ್ದ ಜರ್ಮನಿಗೆ ಓದೋಕೆ ಹೋದದ್ದು

ಕೇಳ್ರಪ್ಪ, ಕೊಳ್ಳೇಗಾಲದ ಆಚೆಗೊಂದು ಊರು. ಆ ಊರಲ್ಲಿ ಮಾದಮ್ಮ ಅಂತ ಒಬ್ಬಳು, ಸ್ಕೂಲಲ್ಲಿ ಬಿಸಿಯೂಟ ಮಾಡೋಳು. ಮುನ್ನೂರು ಮಕ್ಕಳಿಗೆ ಸಾರು ಕುದಿಸೋ ಗಟ್ಟಿಗಿತ್ತಿ. ಅವಳಿಗೊಬ್ಬನೇ ಮಗ, ಚಿಕ್ಕಸಿದ್ದ. ಮುನ್ನೂರು ಮಕ್ಕಳನ್ನ ಸಂಭಾಳಿಸೋಳಿಗೆ ಈ ಒಬ್ಬನ್ನ ಸಂಭಾಳಿಸೋಕೆ ಆಗ್ತಿರಲಿಲ್ಲ ಅಂತೀನಿ!

"ಒಲೆ ಮೇಲೆ ಹಾಲಿಟ್ಟಿದೀನಿ, ನೋಡ್ತಿರು ಮಗ" ಅಂದ್ಲು ಒಂದ್ಸಲ. ನೋಡ್ದ. ಹಾಲು ಉಕ್ತು, ನೋಡ್ದ. ಒಲೆ ಆರ್ತು, ನೋಡ್ದ.

"ಅಯ್ಯೋ ಪೆದ್ದ ಮುಂಡೇದೆ!"

"ನೋಡು ಅಂದೆಯಲ್ಲವ್ವ, ನೋಡ್ದೆ."

ಆದ್ರೆ ಪರೀಕ್ಷೇಲಿ ಮಾತ್ರ ಇವನೇ ಫಸ್ಟು. ಪುಸ್ತಕದಲ್ಲಿರೋದನ್ನ ಇದ್ದಂಗೇ ಬರೀತಿದ್ದ. 'ಮುಂದಿನ ಪುಟ ನೋಡಿ' ಅಂತಿದ್ರೆ ಅದನ್ನೂ ಬರೀತಿದ್ದ. ಹಿಂಗೇ ಬರ್ದು ಬರ್ದು, ಜರ್ಮನಿಲಿ ಮಣ್ಣಿನ ವಿಚಾರ ಓದೋಕೆ ಸೀಟು ಸಿಕ್ಕಿಬಿಡ್ತು! ಹೋಗೋಕೊಂದು ಟಿಕೆಟ್ಟು, ಯಾವತ್ತು ಬೇಕಾದ್ರೂ ವಾಪಸ್ ಬರೋಕೊಂದು ಟಿಕೆಟ್ಟು, ಎರಡೂ ಅವರೇ ಕೊಟ್ರು. ಒಂದೇ ಷರತ್ತು. ಶುಕ್ರವಾರ ನಾಲ್ಕು ಗಂಟೆ ಒಳಗೆ ಕಾಲೇಜಿನ ಆಫೀಸಲ್ಲಿ ಖುದ್ದಾಗಿ ರುಜು ಹಾಕ್ಬೇಕು. ತಪ್ಪಿದ್ರೆ ಸೀಟು ಬೇರೆಯವರ ಪಾಲು.

"ಮಣ್ಣು ನಮ್ಮೂರಲ್ಲಿರಲಿಲ್ವೇನೋ?" ಅಂತ ಬೈಕೊಂಡೇ ಮಾದಮ್ಮ ಹುರಿಹಿಟ್ಟು, ಚಟ್ನಿಪುಡಿ, ಕೋಡುಬಳೆ ಎಲ್ಲಾ ಕಟ್ಟಿದ್ಲು. ನಮ್ಮ ವಂಶದಲ್ಲಿ ಒಬ್ಬನಾದ್ರೂ ಓದ್ಲಿ ಅನ್ನೋದೇ ಅವಳ ಹಂಬಲ.

"ಅವ್ವ, ಹೋಗ್ತೀನಿ."

"ಬಿಡ್ತು ಅನ್ನು! ಹೋಗ್ತೀನಿ ಅನ್ನಬಾರ್ದು ಕಣೋ. ಹೋಗಿ ಬರ್ತೀನಿ ಅನ್ನು. ಆಡಿದ ಮಾತಿಗೆ ತಪ್ಪಬೇಡ. ಗೊತ್ತಿಲ್ಲದ ಊರು, ಬಾಯಿಗೆ ಬೀಗ ಹಾಕ್ಕೊಂಡಿರು."

"ಆಯ್ತವ್ವ. ಹೋಗಿ ಬರ್ತೀನಿ."

ಸೋಮವಾರ ವಿಮಾನ ಇಳಿದ. ಅಲ್ಲೊಬ್ಬ ಅಧಿಕಾರಿ, "ಯಾಕೆ ಬಂದಿದೀರಿ?" ಅಂದ. ಚಿಕ್ಕಸಿದ್ದ ಬಾಯಿ ಬಿಡಲಿಲ್ಲ. "ಎಲ್ಲಿಗೆ ಹೋಗ್ತೀರಿ?" ಬಾಯಿ ಬಿಡಲಿಲ್ಲ. "ಹೆಸರೇನು?" ಊಹೂಂ! ಎರಡೂ ಕೈಲಿ ಬಾಯಿ ಮುಚ್ಕೊಂಡ. ಮೂರು ಗಂಟೆ ಕೂರಿಸಿದ್ರು. ಕೊನೆಗೆ ಚೀಲ ತಡಕಿ, ಕಾಲೇಜಿನ ಕಾಗದ ನೋಡಿ, ಪಾಪ ಮೂಗ ಅಂತ ಕನಿಕರಪಟ್ಟು ಬಿಟ್ಟು ಕಳಿಸಿದ್ರು.

ಫೋನಲ್ಲಿ ಮಾದಮ್ಮ ಹಣೆ ಚಚ್ಕೊಂಡ್ಲು. "ಅಯ್ಯೋ ಪೆದ್ದ ಮುಂಡೇದೆ! ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ಕಂಡಕಂಡೋರನ್ನ ಮಾತಾಡ್ಸೋ! ಊಟ ಆಯ್ತಾ ಅಂತ ಕೇಳೋ!"

"ಆಯ್ತವ್ವ."

ಮಂಗಳವಾರ ಬೆಳಗಿಂದ ಶುರು. ಬಸ್ಸಿನ ಡ್ರೈವರಿಗೆ, "ಊಟ ಆಯ್ತಾ?" ನಾಯಿ ಹಿಡ್ಕೊಂಡು ಹೋಗೋನಿಗೆ, "ಊಟ ಆಯ್ತಾ?" ಅವನು ಹೆದರಿ ನಾಯಿನ ಎತ್ಕೊಂಡೇ ನಡೆದ! ಆ ದೇಶದಲ್ಲಿ ಹಂಗೆಲ್ಲ ಕೇಳೋದಿಲ್ವಂತೆ ಕಣ್ರಪ್ಪ. ನಮಗೆ ಅದು ನಮಸ್ಕಾರ ಅಂದಂಗೆ, ಅವರಿಗೆ ಇವನ್ಯಾರೋ ಊಟಕ್ಕೆ ಕರೀತಾನೆ ಅಂದಂಗೆ. ಹಾಸ್ಟೆಲಲ್ಲಿ ಪಕ್ಕದ ರೂಮಿನ ಹುಡುಗಿ, "ಇಲ್ಲ, ಆಗಿಲ್ಲ" ಅಂದುಬಿಟ್ಲು.

ಆಗಿಲ್ಲ ಅಂದ್ಮೇಲೆ ಬಿಡೋದುಂಟಾ? ಬಿಸಿಯೂಟದ ಮಾದಮ್ಮನ ಮಗ ಅವನು! ಕೂರಿಸಿ ಹುರಿಹಿಟ್ಟು ಕಲೆಸಿ ಕೊಟ್ಟ, ಕೋಡುಬಳೆ ಕೊಟ್ಟ. ಅವಳು ಹೋಗಿ ಇನ್ನೊಬ್ಬಳಿಗೆ ಹೇಳಿದ್ಲು, ಅವಳು ಮತ್ತೊಬ್ಬನಿಗೆ. ಬುಧವಾರ ಸಂಜೆ ನೋಡಿದ್ರೆ ಅವನ ರೂಮಿನ ಮುಂದೆ ಸಾಲು! ಒಬ್ಬೊಬ್ಬರನ್ನೇ "ಊಟ ಆಯ್ತಾ?" ಅಂತ ಕೇಳಿ, ಇಲ್ಲ ಅಂದೋರಿಗೆಲ್ಲ ಬಡಿಸ್ದ. "ಇನ್ನೊಂಚೂರು ಹಾಕ್ಲಾ?" ಅಂತ ಉಪಚಾರ ಬೇರೆ. ಡಬ್ಬಿ ತಳ ಕಾಣ್ತು. ಅವನನ್ನ ಊಟ ಆಯ್ತಾ ಅಂತ ಯಾರೂ ಕೇಳಲಿಲ್ಲ. ಬರೀ ನೀರು ಕುಡಿದು ಮಲಗ್ದ ಪಾಪ.

"ಅಯ್ಯೋ ಪೆದ್ದ ಮುಂಡೇದೆ! ಎರಡು ತಿಂಗಳಿಗಾಗೋದನ್ನ ಎರಡು ದಿನಕ್ಕೆ ಖಾಲಿ ಮಾಡಿದೆಯಾ?" ಅಂತ ಮಾದಮ್ಮ ಕೂಗಾಡಿದ್ಲು. ಆಮೇಲೆ ತಡೀಲಾರದೆ, "ಎಷ್ಟು ಜನ ಉಂಡ್ರೋ?" ಅಂದ್ಲು.

"ಮೂವತ್ತೊಂದು ಕಣವ್ವ. ಚಟ್ನಿಪುಡಿ ಖಾರಕ್ಕೆ ಅತ್ರು. ಅತ್ಕೊಂಡೇ ತಿಂದ್ರು."

ಮಾದಮ್ಮನಿಗೆ ಒಳಗೊಳಗೇ ಹಿಗ್ಗು. ಆದ್ರೂ ಬುದ್ಧಿ ಹೇಳ್ಬೇಕಲ್ಲ! "ನೀನೇ ಒಂದು ದಾರಿ ಹಿಡೀಬೇಡ. ನಾಲ್ಕು ಜನ ಮಾಡಿದಂಗೆ ಮಾಡು. ರುಜು ಮರೀಬೇಡ!"

"ಆಯ್ತವ್ವ."

ಗುರುವಾರ ಕಾಲೇಜಿನ ಆಫೀಸಿಗೆ ಅಂತ ಬಸ್‌ಸ್ಟಾಪಿಗೆ ಬಂದ. ಮೂರು ಜನ ಬಸ್ಸು ಹತ್ತಿದ್ರು. ಮೂರೇ! ಇವನು ಹತ್ತಲಿಲ್ಲ. ಇನ್ನೊಂದು ಬಸ್ಸು, ಐದು ಜನ. ಹತ್ತಲಿಲ್ಲ. ಅಷ್ಟರಲ್ಲಿ ಸರಿಯಾಗಿ ನಾಲ್ಕು ಜನ ಮುದುಕರು ಹೆಗಲಿಗೆ ಟವೆಲ್ ಹಾಕ್ಕೊಂಡು ಬಂದ್ರು. ಸಿಕ್ರಪ್ಪಾ ಅಂತ ಹಿಂದೇನೇ ನಡೆದ. ಮುದುಕರು ಕೆರೆ ದಡಕ್ಕೆ ಬಂದು ಬಟ್ಟೆ ಬಿಚ್ಚಿದ್ರು. ಇವನೂ ಬಿಚ್ಚಿದ. ಅವರು ಆ ಕೊರೆಯೋ ನೀರಿಗೆ ದುಮುಕಿದ್ರು. ಇವನೂ ದುಮುಕಿದ! ಅವರಿಗೆ ದಿನಾ ಅಭ್ಯಾಸ. ಇವನ ಹಲ್ಲು ಕಟಕಟ ಅಂತ ಸಂಜೆವರೆಗೂ ನಿಲ್ಲಲಿಲ್ಲ.

"ಅಕ್ಷೀ! ಅವ್ವ, ಅಕ್ಷೀ!"

ಈ ಸಲ ಮಾದಮ್ಮ ಬೈಯಲಿಲ್ಲ, ಅತ್ತೇಬಿಟ್ಲು. "ನಾಳೆ ಶುಕ್ರವಾರ ಕಣೋ! ರುಜು ಹಾಕದಿದ್ರೆ ಇಷ್ಟೂ ನೀರಲ್ಲಿ ಹೋಮ. ಯಾರನ್ನೂ ನೋಡಬೇಡ, ಆ ಕಡೆ ಈ ಕಡೆ ತಿರುಗಬೇಡ. ಸೀದಾ ಹೋಗು!"

ಸೀದಾ ಹೋದ ನೋಡಿ! ಹಾಸ್ಟೆಲ್ ಬಾಗಿಲಿಂದ ಕಾಲೇಜಿನ ಗಡಿಯಾರದ ಗೋಪುರ ಕಾಣ್ತಿತ್ತು. ಮೂಗಿನ ನೇರಕ್ಕೆ ಹೊರಟ. ಬೇಲಿ ಬಂತು, ಹತ್ತಿ ಇಳಿದ. ಯಾರದೋ ಹೂದೋಟ ಬಂತು, "ಅವ್ವ ಸೀದಾ ಹೋಗು ಅಂದವಳೆ" ಅಂತ ಕೈ ಮುಗಿದು ದಾಟ್ದ. ನಾಲ್ಕಕ್ಕೆ ಐದು ನಿಮಿಷ ಇದ್ದಂಗೆ, ಪ್ಯಾಂಟು ಹರ್ಕೊಂಡು, ತಲೆ ತುಂಬ ಮುಳ್ಳಿಟ್ಕೊಂಡು, ಆಫೀಸಿನ ಹೆಂಗಸಿನ ಮುಂದೆ ನಿಂತು ರುಜು ಹಾಕೇಬಿಟ್ಟ. ಸೀಟು ಉಳೀತು! ಇಲ್ಲಿ ಮಾದಮ್ಮ ಮನೇದೇವರಿಗೆ ತುಪ್ಪದ ದೀಪ ಹಚ್ಚಿದ್ಲು.

ಅಷ್ಟಕ್ಕೇ ಬಿಟ್ಟಿದ್ರೆ ಕತೆ ಚಂದಾಗಿ ಮುಗೀತಿತ್ತು. ಹೊರಡುವಾಗ ಆ ಹೆಂಗಸಿಗೆ, "ಹೋಗಿ ಬರ್ತೀನಿ" ಅಂದ.

"ಯಾವಾಗ ಬರ್ತೀರಿ? ನಾಲ್ಕಕ್ಕೆ ಬಾಗಿಲು ಹಾಕ್ತೀವಿ" ಅಂದ್ಲು ಆಕೆ.

ಹೊಸ್ತಿಲು ದಾಟಿ ಹೋದ, ತಿರುಗಿ ಬಂದ. "ಬಂದೆ."

ಆಕೆ ಬಿದ್ದೂ ಬಿದ್ದೂ ನಕ್ಕಳು. "ಆಡಿದ ಮಾತಿಗೆ ತಪ್ಪೋರಲ್ಲ ಬಿಡಿ ನೀವು!"

ಆ ಮಾತು ಚುರುಕ್ ಅಂತು. ಅವ್ವನಿಗೆ ಏನಂದು ಬಂದಿದ್ದೆ? ಹೋಗಿ ಬರ್ತೀನಿ ಅಂದಿದ್ದೆ. ಹೋಗಿದ್ದಾಯ್ತು. ಬಂದಿಲ್ವಲ್ಲ!

ಶನಿವಾರ ಬೆಳಗ್ಗೆ ಮಾದಮ್ಮ ಹುರುಳಿಕಾಯಿ ಸೋಸ್ತಾ ಕೂತಿದ್ದಾಗ ಫೋನು. "ಅವ್ವ, ವಿಮಾನದ ಹತ್ರ ಇದೀನಿ. ಬರ್ತಾ ಇದೀನಿ."

"ಯಾಕೋ! ಏನಾಯ್ತೋ!"

"ಹೋಗಿ ಬರ್ತೀನಿ ಅಂದಿದ್ನಲ್ಲವ್ವ. ಮಾತಿಗೆ ತಪ್ಪಬೇಡ ಅಂದಿದ್ದೆ ನೀನು."

"ಅಯ್ಯೋ ಪೆದ್ದ ಮುಂಡೇದೆ! ಓದಿ ಬಾರೋ! ಓದಿ ಬಾ!"

"ಆಯ್ತವ್ವ."

ಅರ್ಧ ಗಂಟೆ ಬಿಟ್ಟು ಮತ್ತೆ ಫೋನು. "ಓದ್ದೆ ಕಣವ್ವ. ಇಲ್ಲಿರೋ ಬೋರ್ಡೆಲ್ಲ ಓದ್ದೆ. ಕಕ್ಕಸಿನ ಬೋರ್ಡೂ ಬಿಡಲಿಲ್ಲ. ಈಗ ಬರ್ಲಾ?"

ಮಾದಮ್ಮ ಹುರುಳಿಕಾಯಿ ಮೊರ ಪಕ್ಕಕ್ಕೆ ಸರಿಸಿದ್ಲು. ಐದು ದಿನದಿಂದ ಮನೆ ಬಿಕೋ ಅಂತಿತ್ತು. 'ಬಾ' ಅನ್ನೋ ಮಾತು ನಾಲಿಗೆ ತುದಿಗೇ ಬಂತು. ಬೇರೆಯವರ ಮಕ್ಕಳಿಗಾದ್ರೆ ಬಾ ಮಗ ಅಂತ ಸುಮ್ನೆ ಬಾಯಿಮಾತಿಗೆ ಅನ್ನಬಹುದು. ಇವನಿಗೆ ಅಂದ್ರೆ ಬಂದೇಬಿಡ್ತಾನಲ್ಲ! ಗಟ್ಟಿಗಿತ್ತಿ, ನುಂಗ್ಕೊಂಡ್ಲು. ದುಃಖಕ್ಕೆ ಸಿಟ್ಟಿನ ಸೆರಗು ಹೊದಿಸಿ, "ಕಾಲೇಜಲ್ಲಿರೋ ಪುಸ್ತಕ ಅಷ್ಟೂ ಓದಿ ಮುಗಿಸಿ ಬಾ! ಅಲ್ಲಿವರೆಗೂ ಈ ಹೊಸ್ತಿಲು ತುಳೀಬೇಡ!" ಅಂದ್ಲು.

"ಅಷ್ಟೂನಾ ಅವ್ವ?"

"ಅಷ್ಟೂ!"

"ಆಯ್ತವ್ವ" ಅಂದ, ಕಾಲೇಜಿಗೇ ವಾಪಸ್ ಹೋದ.

ಮಾದಮ್ಮನಿಗೇನು ಗೊತ್ತು, ಆ ಕಾಲೇಜಿನ ಲೈಬ್ರರಿ ಆರು ಮಹಡಿ ಅಂತ! ಅವನ ಜೊತೆಯೋರೆಲ್ಲ ಎರಡು ವರ್ಷಕ್ಕೆ ಓದು ಮುಗಿಸಿ ಅವರವರ ಊರು ಸೇರ್ಕೊಂಡ್ರು. ಇವನೂ ಪಾಸಾದ, ಇವನೇ ಫಸ್ಟು. ಆದ್ರೆ ಬರಲಿಲ್ಲ. ಇನ್ನೂ ಓದ್ತಾನೇ ಇದಾನೆ. ಭಾನುವಾರ ಭಾನುವಾರ ಮಾದಮ್ಮ ಫೋನ್ ಹಿಡಿದು, "ಎಲ್ಲಿಗೆ ಬಂತೋ ಮಗ?" ಅಂತಾಳೆ. "ಒಂದನೇ ಮಹಡಿ ಕಣವ್ವ, ಎರಡನೇ ಬೀರು" ಅಂತಾನೆ. ಕಣ್ಣಿಗೆ ಹುಷಾರು, ನಿಧಾನಕ್ಕೆ ಓದು ಅನ್ನೋಣ ಅಂತ ಬಾಯಿ ತೆರೀತಾಳೆ, ಪಟ್ಟಂತ ಮುಚ್ಕೋತಾಳೆ. ನಿಧಾನಕ್ಕೆ ಅಂದ್ರೆ ಇನ್ನೂ ನಿಧಾನ ಮಾಡಿಬಿಟ್ರೆ!